ಗಾಜಿನ ಬೀರುವಿನ ಹೊರಗೆ ನಿಂತವನು

ನಮ್ಮ ಭಾವನಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿತ್ತು. ರಸ್ತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿ ಮುಂದೆ ಹೋದರೆ, "ಮೇಲಿನ ಸೆಟ್ಟು, ಎಡ ದವಡೆ ಸ್ವಲ್ಪ ಸಡಿಲ" ಎಂದು ನನಗೆ ಅವರ ಪರಿಚಯ ಹೇಳುತ್ತಿದ್ದರು. ದಂತವೈದ್ಯರು ಅಳತೆ ತೆಗೆದು ಕಳಿಸುತ್ತಿದ್ದರು, ಕಟ್ಟುಹಲ್ಲು ತಯಾರಿಸುವುದು ಭಾವನ ಕೆಲಸ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಅಲ್ಲಿ ಮೇಣ, ಪ್ಲಾಸ್ಟರು, ಅರಗಳು, ಕುದಿಯುವ ನೀರಿನ ಪಾತ್ರೆ. ನಮ್ಮ ಬೀದಿಯ ಅರ್ಧ ಜನ ಅಗಿಯುತ್ತಿದ್ದದ್ದು ಅವರ ಹಲ್ಲಿನಲ್ಲಿ, ಅವರನ್ನು ಆಡಿಕೊಳ್ಳುತ್ತಿದ್ದದ್ದೂ ಅದೇ ಹಲ್ಲಿನಲ್ಲಿ. ಹಲ್ಲು ಮೇಷ್ಟ್ರು ಎಂದೇ ಎಲ್ಲರೂ ಕರೆಯುತ್ತಿದ್ದರು.

ನಾನು ಅವರ ಹೆಂಡತಿಯ ತಂಗಿ. ಮದುವೆ ಒಲ್ಲೆ ಎಂದವಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಮನೆಗೇ ಬಂದು ಸೇರಿಕೊಂಡವಳು. ನನ್ನ ಬಾಯಿ ಜೋರು ಎಂದು ಅಕ್ಕ ಹೇಳುತ್ತಾಳೆ. ಆ ಮನೆಯಲ್ಲಿ ಯಾರಾದರೊಬ್ಬರು ಜೋರಾಗಿ ಮಾತಾಡಬೇಕಿತ್ತು ಎನ್ನುವುದು ನನ್ನ ಸಮಜಾಯಿಷಿ. ಏಕೆಂದರೆ ಅಲ್ಲಿ ಎಲ್ಲರೂ ಯಾವಾಗಲೂ ಏನನ್ನೋ ಕಿವಿಗೊಟ್ಟು ಕೇಳುತ್ತಿದ್ದರು. ಗೇಟು ಸದ್ದಾದರೆ ಅಕ್ಕನ ಅತ್ತೆಯ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಬಂದವರು ಹಾಲಿನವನೋ ಇನ್ನೊಬ್ಬರೋ ಎಂದು ಗೊತ್ತಾದ ಮೇಲೆ ಲೋಟ ಮೇಲೇಳುತ್ತಿತ್ತು.

ಅವರು ಕಾಯುತ್ತಿದ್ದದ್ದು ಕಿರಿಮಗನಿಗೆ, ಅಂದರೆ ಭಾವನ ತಮ್ಮನಿಗೆ. ಮೀಸೆ ಸರಿಯಾಗಿ ಬಲಿಯುವ ಮೊದಲೇ ಸೇನೆ ಸೇರಿದ್ದ ಹುಡುಗ. ಗಡಿಯಲ್ಲಿ ಯುದ್ಧವಾಯಿತು, ಅವನಿದ್ದ ತುಕಡಿ ಒಂದು ಗುಡ್ಡ ಹತ್ತಿತು, ಇಳಿದು ಬಂದವರಲ್ಲಿ ಅವನಿರಲಿಲ್ಲ, ಬಿದ್ದವರಲ್ಲೂ ಸಿಗಲಿಲ್ಲ. ಮನೆಗೆ ಬಂದ ಅಧಿಕಾರಿ "ಕಾಣೆಯಾಗಿದ್ದಾರೆ" ಎಂದಷ್ಟೇ ಹೇಳಿ ಹೋದರಂತೆ. ಇದೆಲ್ಲ ಆದದ್ದು ಅಕ್ಕ ಆ ಮನೆಗೆ ಸೊಸೆಯಾಗಿ ಹೋಗುವ ಮೊದಲು. ಅಕ್ಕ ಅವನನ್ನು ನೋಡಿಯೇ ಇರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಆದರೂ ಅವನ ಹಾಸಿಗೆಯ ಚಾದರವನ್ನು ನಾವು ವಾರಕ್ಕೊಮ್ಮೆ ಒಗೆದು ಹಾಕುತ್ತಿದ್ದೆವು.

ಅದೇ ಯುದ್ಧದಲ್ಲಿ ಮೂಲೆಯ ಕ್ಷೌರದಂಗಡಿಯವನ ಮಗನೂ ಸತ್ತಿದ್ದ. ಅಪ್ಪ ಕತ್ತರಿ ಹಿಡಿದು ಗಿರಾಕಿಯ ತಲೆಯ ಹಿಂದೆ ಸುಮ್ಮನೆ ನಿಂತುಬಿಡುತ್ತಿದ್ದನಂತೆ. ಭಾವ ಒಂದು ದಿನ ಅವನಿಗಾಗಿ ಮೇಣದಲ್ಲಿ ಆ ಹುಡುಗನನ್ನು ಕೆತ್ತಿದರು, ತೋರುಬೆರಳಿನಷ್ಟು ಎತ್ತರಕ್ಕೆ. ಅದರಿಂದ ರಬ್ಬರಿನ ಅಚ್ಚು ತೆಗೆದು, ಹಲ್ಲಿನ ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಪುಡಿಯನ್ನೇ ಕಲಸಿ ಹುಯ್ದರು. ಬಣ್ಣ ಬೀಳುವ ಮೊದಲು ಆ ಸೈನಿಕ ಪೂರ್ತಿ ವಸಡಿನ ಬಣ್ಣದಲ್ಲಿದ್ದ ಎಂದು ಅಕ್ಕ ಈಗಲೂ ನಗುತ್ತಾಳೆ. ಬಣ್ಣ ಬಿದ್ದ ಮೇಲೆ ಯಾರೂ ನಗಲಿಲ್ಲ. ಬೂಟಿನ ಲಾಡಿ, ಸೊಂಟದ ಪಟ್ಟಿಯ ಬಕ್ಕಲು, ಮಂಡಿಯ ಹತ್ತಿರ ಮಾಸಿದ ಖಾಕಿ, ಎಲ್ಲ ಇದ್ದದ್ದು ಇದ್ದಹಾಗೆ. ಕ್ಷೌರದವನು ಅದನ್ನು ಕನ್ನಡಿಯ ಮುಂದೆ ಇಟ್ಟುಕೊಂಡ, ಕತ್ತರಿ ಮತ್ತೆ ಆಡತೊಡಗಿತು. ಸುದ್ದಿ ಹಬ್ಬಿ, ಸೇನೆಯಲ್ಲಿ ತಮ್ಮವರನ್ನು ಕಳೆದುಕೊಂಡ ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ಬಂದರು. ಭಾವ ಯಾರಿಗೂ ಇಲ್ಲ ಎನ್ನಲಿಲ್ಲ. ಒಂದು ಅಚ್ಚಿನಲ್ಲಿ ಎರಡು ಎರಕ ಹುಯ್ದು, ಒಂದನ್ನು ಆ ಮನೆಗೆ ಕೊಟ್ಟು, ಇನ್ನೊಂದನ್ನು ನಮ್ಮ ನಡುಮನೆಯ ಗಾಜಿನ ಬೀರುವಿನಲ್ಲಿ ನಿಲ್ಲಿಸುತ್ತಿದ್ದರು.

ಕಣ್ಣು ಮೊದಲು ಬರೆಯುತ್ತಿದ್ದರು. ಆಗ ಕೆಟ್ಟರೆ ಒರೆಸಿ ಮತ್ತೆ ಬರೆಯಬಹುದು, ಕೊನೆಗೆ ಕೆಟ್ಟರೆ ಮಾಡಿದ್ದೆಲ್ಲ ಹಾಳು ಎಂಬ ಲೆಕ್ಕ. ಹೀಗಾಗಿ ಉಡುಪಿಗೆ ಬಣ್ಣ ಹಚ್ಚುವ ಅಷ್ಟೂ ಹೊತ್ತು ಆ ಹುಡುಗರು ಅವರನ್ನೇ ನೋಡುತ್ತಿದ್ದರು. "ನಿಮಗೇನೂ ಅನ್ಸಲ್ವಾ ಭಾವ?" ಎಂದು ಒಮ್ಮೆ ಕೇಳಿದೆ. "ಅನ್ಸತ್ತೆ. ಏನೋ ಕೇಳ್ತಾರೆ ಅನ್ಸತ್ತೆ. ಏನು ಅಂತ ಮಾತ್ರ ತಿಳಿಯಲ್ಲ" ಎಂದರು. ನಾನು ನಡುಮನೆಯ ಕಸ ಗುಡಿಸುವಾಗ ಬೀರುವಿಗೆ ಬೆನ್ನು ಹಾಕದೆ ಗುಡಿಸುವುದನ್ನು ಕಲಿತದ್ದು ಅವತ್ತಿನಿಂದ. ಹೆದರುಪುಕ್ಕಲಿ ಎನ್ನುವವರು ಒಂದು ದಿನ ಗುಡಿಸಿ ನೋಡಲಿ.

ಅಜ್ಜಿ, ಅಂದರೆ ಅಕ್ಕನ ಅತ್ತೆ, ಇದಕ್ಕೆಲ್ಲ ಅಡ್ಡಿ ಮಾಡಲಿಲ್ಲ. ಒಂದೇ ಒಂದು ಮಾತು ಹೇಳಿದ್ದರು. "ಯಾರನ್ನ ಬೇಕಾದ್ರೂ ಮಾಡು. ನನ್ನ ಚಿಕ್ಕೋನ್ನ ಮಾತ್ರ ಮಾಡಬೇಡ. ಆ ಬೀರುವಲ್ಲಿ ಇರೋರೆಲ್ಲ ಹೋದೋರು." ಭಾವ ಆ ಮಾತನ್ನು ಮೀರಲಿಲ್ಲ. ಕಡೇಪಕ್ಷ, ಮೀರಲಿಲ್ಲ ಎಂದುಕೊಂಡಿದ್ದರು.

ಹೀಗೇ ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಇಸ್ತ್ರಿ ಅಂಗಡಿಯಮ್ಮ ಬಂದಳು. ಅವಳ ಮಗ ಗಡಿಯ ಕಾವಲಿನಲ್ಲಿದ್ದಾಗ ಗುಂಡು ತಗುಲಿ ತೀರಿಕೊಂಡಿದ್ದ. ಭಾವ ಮಾಡಿಕೊಟ್ಟಿದ್ದ ಮೂರ್ತಿಯನ್ನು ಟವೆಲಿನಲ್ಲಿ ಸುತ್ತಿ ವಾಪಸು ತಂದಿದ್ದಳು.

"ತಪ್ಪು ತಿಳ್ಕೋಬೇಡಿ ಅಣ್ಣ. ಬಟ್ಟೆ ಅವಂದೇ, ಮುಖಾನೂ ಅವಂದೇ. ಆದ್ರೆ ನಿಂತಿರೋನು ನನ್ನ ಮಗ ಅಲ್ಲ."

"ಹಾಗಂದ್ರೆ?" ಎಂದರು ಭಾವ.

"ನನ್ನ ಮಗ ಎರಡು ಕಾಲೂ ಅಗಲ ಮಾಡಿ, ನೆಲ ತನ್ನದೇ ಅನ್ನೋ ಹಂಗೆ ನಿಲ್ತಿದ್ದ. ಇವನು ಒಂದು ಕಾಲ ಮೇಲೆ ಭಾರ ಹಾಕಿ, ಕತ್ತು ಬಲಕ್ಕೆ ವಾಲಿಸ್ಕೊಂಡಿದಾನೆ. ಯಾರೋ ಏನೋ ಹೇಳ್ತಿದಾರೆ, ಕೇಳಿಸ್ಕೋತಿದಾನೆ. ಯಾರೋ ಬೇರೆ ಮನೆ ಹುಡುಗ ನಮ್ಮನೆಗೆ ಬಂದು ನಿಂತ ಹಾಗಿದೆ ಅಣ್ಣ. ಅವನನ್ನ ನೋಡಿದ್ರೆ ನಂಗೆ ಪಾಪ ಅನ್ಸತ್ತೆ, ಭಯಾನೂ ಆಗತ್ತೆ. ಅವನನ್ನ ಕಾಯೋರು ಬೇರೆ ಎಲ್ಲೋ ಇರ್ತಾರಲ್ಲ."

ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದವರು ಕೈ ಚಾಚಿದರು. ಟವೆಲು ಬಿಡಿಸಿ ಮೂರ್ತಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಎದ್ದು ಹೋಗಿ ಬೀರುವಿನ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಮೇಜಿನ ಮೇಲೆ ತಂದು ನಿಲ್ಲಿಸಿದರು. ಕ್ಷೌರದವನ ಮಗ, ಬಸ್ ಕಂಡಕ್ಟರನ ತಮ್ಮ, ಶಾಲೆಯ ಜವಾನನ ಅಳಿಯ. ಮುಖ ಬೇರೆ ಬೇರೆ. ನಿಂತ ಭಂಗಿ ಒಂದೇ. ಎಲ್ಲರ ಕತ್ತೂ ಒಂದು ನೂಲಿನಷ್ಟು ಬಲಕ್ಕೆ. ಅಷ್ಟು ವರ್ಷ ದಿನಾ ಧೂಳು ಒರೆಸಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅದು ಭಾವನ ಕಾಣೆಯಾದ ತಮ್ಮನ ಭಂಗಿ. ಅವನು ಯಾವಾಗಲೂ ಅಣ್ಣನ ಎಡಕ್ಕೆ ನಡೆಯುತ್ತಿದ್ದನಂತೆ. ಭಾವ ಚಿಕ್ಕಂದಿನಲ್ಲಿ ಬಲು ಮಾತುಗಾರರಂತೆ, ಈಗ ಯಾರೂ ನಂಬುವುದಿಲ್ಲ. ಅಣ್ಣನ ಮಾತು ಕೇಳಿ ಕೇಳಿ ಹುಡುಗನ ಕತ್ತು ಹಾಗೇ ನಿಂತುಬಿಟ್ಟಿತ್ತು.

"ಎಷ್ಟು ಸಲ ಕೊಂದ್ಯೋ ಅವನ್ನ" ಎಂದರು ಅಜ್ಜಿ.

ಭಾವ ಗೋಡೆ ಹಿಡಿದು ಕೂತರು. "ಮೊದಲು ತಂತಿ ಬಾಗಿಸ್ತೀನಮ್ಮ, ಅದರ ಮೇಲೆ ಮೇಣ. ತಂತಿ ಬಾಗಿಸುವಾಗ ನಾನು ಯೋಚನೆ ಮಾಡಲ್ಲ. ಕೈ ತಾನಾಗೇ ಬಾಗಿಸತ್ತೆ." ಇಸ್ತ್ರಿಯಮ್ಮ ಬಂದ ತಪ್ಪಿಗೆ ತಾನೇ ಕಣ್ಣೊರೆಸಿಕೊಳ್ಳುತ್ತ ಹೋದಳು.

ಅದಾದ ಮೇಲೆ ತಾಯಿ ಮಗನ ನಡುವೆ ಮಾತು ನಿಂತಿತು. ಕುಂಚಗಳು ಡಬ್ಬಿಯಲ್ಲಿ ಒಣಗಿದವು. ಅಕ್ಕ ಇಬ್ಬರ ನಡುವೆ ಸಿಕ್ಕಿಕೊಂಡು ಹೈರಾಣಾದಳು. ಕೊನೆಗೆ ಒಂದು ಬೆಳಿಗ್ಗೆ ಅಜ್ಜಿಯೇ ಮುಂದಿನ ಕೋಣೆಗೆ ಬಂದರು.

"ಅವನನ್ನೇ ಒಂದು ಮಾಡು. ಆಗ ಮಿಕ್ಕೋರನ್ನ ಬಿಟ್ಟು ಬರ್ತಾನೆ. ಆದ್ರೆ ಬೀರುವಲ್ಲಿ ಇಡೋ ಹಾಗಿಲ್ಲ. ಹೋದಾಗ ಇದ್ದ ಹಾಗೆ ಮಾಡೋ ಹಾಗೂ ಇಲ್ಲ. ಈಗ ಹೇಗಿರ್ತಾನೋ ಹಾಗೆ ಮಾಡು."

"ಈಗ ಹೇಗಿರ್ತಾನೋ ನಂಗೇನಮ್ಮ ಗೊತ್ತು?"

"ನಿಮ್ಮಪ್ಪನ್ನ ನೋಡಿಲ್ವಾ? ಮುಂದಲೆ ಬೋಳಾಗಿರತ್ತೆ. ಚೂರು ಹೊಟ್ಟೆ ಬಂದಿರತ್ತೆ."

"ಸಿಪಾಯಿಗೆಲ್ಲಿಯ ಹೊಟ್ಟೆ?"

"ನಿಮ್ಮಪ್ಪನ ಮಗ ತಾನೇ."

ಹೀಗೆ ನಮ್ಮ ಮನೆಗೆ ಹೊಟ್ಟೆ ಬಂದ ಸೈನಿಕನೊಬ್ಬ ಬಂದ. ಅಜ್ಜಿಯ ಕಿಟಕಿಯ ಕಟ್ಟೆಯ ಮೇಲೆ ನಿಂತ. ಒಂದು ಮಟ್ಟಿಗೆ ಅಜ್ಜಿ ಹೇಳಿದ್ದು ನಿಜವಾಯಿತು. ಭಾವ ಇಸ್ತ್ರಿಯಮ್ಮನ ಮಗನನ್ನು ಹೊಸದಾಗಿ ಮಾಡಿದಾಗ ಅವನು ಕಾಲು ಅಗಲಿಸಿ ಅವನಂತೆಯೇ ನಿಂತ. ಅವಳು ಅದನ್ನು ನೋಡಿ, "ಬಂದ ನೋಡಿ" ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಉಳಿದವರನ್ನೂ ಭಾವ ಬಿಡುವಾದಾಗಲೆಲ್ಲ ಮತ್ತೆ ಮಾಡಿ ಮನೆಮನೆಗೆ ಹೋಗಿ ಬದಲಾಯಿಸಿದರು.

ನಮ್ಮವನು ಮಾತ್ರ ಮುದುಕನಾಗುತ್ತ ಹೋದ. ಅವನ ಹುಟ್ಟಿದ ದಿನ ಬಂದಾಗಲೆಲ್ಲ ಭಾವ ತೆಳ್ಳನೆ ಕುಂಚದಲ್ಲಿ ಅವನ ಕೂದಲಿಗೆ ಇನ್ನೊಂದಿಷ್ಟು ಬಿಳಿ ಸೇರಿಸುತ್ತಿದ್ದರು. ಒಂದು ವರ್ಷ ತಂತಿ ಬಗ್ಗಿಸಿ ಕನ್ನಡಕ ಹಾಕಿದರು. ಇನ್ನೊಂದು ವರ್ಷ ಭುಜ ಇಳಿಸಿದರು. ಅಕ್ಕ ಅವನ ಬಗ್ಗೆ ಮನೆಯವನ ಬಗ್ಗೆ ಮಾತಾಡುವ ಹಾಗೆ ಮಾತಾಡತೊಡಗಿದಳು. "ಈ ವಯಸ್ಸಲ್ಲಿ ಮಂಡಿ ನೋವು ಶುರುವಾಗತ್ತೆ" ಎನ್ನುವಳು. ಯಾರ ಮಂಡಿ ಎಂದು ನಾನು ಕೇಳುವಂತಿರಲಿಲ್ಲ.

ನನಗೆ ಸಿಟ್ಟು ಬರುತ್ತಿತ್ತು. ಮೊದಲು ಅಜ್ಜಿ ಕಾಯುತ್ತಿದ್ದದ್ದು ಒಬ್ಬ ಹುಡುಗನಿಗೆ, ಬೀದಿಯಲ್ಲಿ ಹುಡುಗರನ್ನಷ್ಟೇ ನೋಡುತ್ತಿದ್ದರು. ಈಗ ಕಣ್ಣ ಮುಂದೆ ಒಂದು ಹೊಸ ಮುಖ ಇತ್ತಲ್ಲ, ಕನ್ನಡಕದ ಬೋಳುತಲೆಯವರೆಲ್ಲ ಅವರ ಮಗನಾಗತೊಡಗಿದರು. ಒಮ್ಮೆ ದಾರಿಹೋಕನೊಬ್ಬನನ್ನು ಕಿಟಕಿಯಿಂದಲೇ ಕೂಗಿ ಕರೆದು ಕೂರಿಸಿಕೊಂಡರು. ಆತ ವಿಮೆ ಕಂಪನಿಯವನು, ಒಳ್ಳೆಯವನು, ಚಹಾ ಕುಡಿದ. ಅಜ್ಜಿ ಅವನ ಕೈ ಹಿಡಿದು, "ಕತ್ತು ಈಗ ನೆಟ್ಟಗಾಗಿದೆ ಅಲ್ವಾ" ಎಂದಾಗ ಅವನಿಗೆ ಹೇಗೋ ಅರ್ಥವಾಯಿತು. "ಹೌದಮ್ಮ, ಆಗಿದೆ" ಎಂದು ಹೇಳಿ ಎದ್ದು ಹೋದ. ಅವತ್ತು ನಾನು ಭಾವನನ್ನು ತರಾಟೆಗೆ ತೆಗೆದುಕೊಂಡೆ.

"ಇದು ಸಮಾಧಾನ ಅಲ್ಲ ಭಾವ. ಮಾಗ್ತಿರೋ ಗಾಯಾನ ವರ್ಷವರ್ಷ ಕೆರೆದು ಕೊಡ್ತಿದೀರಿ. ಯಾರಾದ್ರೂ ಆ ತಾಯಿಗೆ ಹೇಳಬೇಕು."

"ನಾನು ಹೇಳಿದ ದಿನ ಅವನು ಸಾಯ್ತಾನೆ. ನನ್ನ ಬಾಯಿಂದ ಸಾಯೋದು ಬೇಡ" ಎಂದರು ಭಾವ. ಬಾಯಿ ಜೋರಿದ್ದ ನನಗೂ ಆ ಮಾತು ಆಡುವ ಧೈರ್ಯವಿರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದ ವರ್ಷ ಭಾವನಿಗೇ ಕೈ ನಡುಗುತ್ತಿತ್ತು, ಹಲ್ಲಿನ ಕೆಲಸ ಬಿಟ್ಟಾಗಿತ್ತು. ಆದರೂ ತಮ್ಮನ ಹುಟ್ಟಿದ ದಿನ ಬೆಳಿಗ್ಗೆ ಬಿಳಿ ಬಣ್ಣದ ಶೀಶೆ, ಕುಂಚ, ಭೂತಗನ್ನಡಿ ಹಿಡಿದು ತಾಯಿಯ ಮಂಚದ ಹತ್ತಿರ ಕೂತರು. ಅಜ್ಜಿ ಹಿರಿಮಗನ ಮುಖವನ್ನೇ ನೋಡುತ್ತಿದ್ದರು.

"ಬಿಳಿ ಬೇಡ ಕಣೋ. ಈ ಸಲ ಕಪ್ಪು ತಗೊಂಡು ಬಾ."

"ಕಪ್ಪು ಯಾಕಮ್ಮ?"

"ಕೂದಲಿಗೆ. ಕನ್ನಡಕ ತೆಗಿ. ಆ ಹೊಟ್ಟೆ ಅರದಲ್ಲಿ ಉಜ್ಜಿ ಹಾಕು. ಹೋದಾಗ ಹೇಗಿದ್ನೋ ಹಾಗೆ ಮಾಡು. ಮಾಡಿ ಒಳಗಿಡು, ಅವರ ಜೊತೆ."

ಭಾವನ ಕೈಯಿಂದ ಕುಂಚ ಕೆಳಗೆ ಬಿತ್ತು. ನಾನು ಎತ್ತಿಕೊಡಲು ಬಗ್ಗಿದವಳು ಅಲ್ಲೇ ನೆಲದ ಮೇಲೆ ಕೂತೆ.

"ನಿಂಗೆ ಗೊತ್ತಿತ್ತೇನೋ?" ಎಂದು ಕೇಳಿದರು ಅಜ್ಜಿ.

"ಗೊತ್ತಿತ್ತಮ್ಮ."

"ನೀನು ಹೇಳ್ತೀಯ ಅಂತ ಕಾದೆ. ಒಬ್ಬಳೇ ಹೇಗೆ ಅಳಲಿ?"

ಭಾವ ತಾಯಿಯ ಕಾಲ ಮೇಲೆ ತಲೆಯಿಟ್ಟರು. ಆ ಮನೆಯಲ್ಲಿ ಆ ಹುಡುಗನಿಗಾಗಿ ಯಾರೂ ಒಂದು ದಿನವೂ ಅತ್ತಿರಲಿಲ್ಲ. ಅತ್ತರೆ ಸತ್ತ ಎಂದ ಹಾಗಾಗುತ್ತಿತ್ತಲ್ಲ. ಅವತ್ತು ಅಜ್ಜಿ ಅತ್ತರು, ಆ ಒಣಕಲು ಮೈಯಲ್ಲಿ ಅಷ್ಟು ಜೋರು ದನಿ ಎಲ್ಲಿತ್ತೋ. ಭಾವ ಚಿಕ್ಕ ಮಗುವಿನ ಹಾಗೆ ಬಿಕ್ಕಿದರು. ಅಕ್ಕ ಅಡುಗೆಮನೆಯಿಂದ ಓಡಿ ಬಂದವಳು ಏನಾಯಿತೆಂದು ಕೇಳದೆಯೇ ಅಳತೊಡಗಿದಳು.

ಸದ್ದು ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅಜ್ಜಿಗೇ ಏನೋ ಆಯಿತೆಂದು ಅವರ ಮುಖ ಬಾಡಿತ್ತು. ಮೆಲ್ಲನೆ ಕೇಳಿದರು, "ಯಾರು ಹೋದ್ರು?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಮೈದುನ" ಎಂದಳು.