ಅನುಮಾನಪ್ಪನ ನಾಯಿಮರಿ

ಬೀಗ ರಿಪೇರಿಯವನನ್ನು ಬೀದಿಯವರು ಎದುರಿಗೆ ಬೀಗದಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಅನುಮಾನಪ್ಪ. ಎರಡೂ ಹೆಸರು ಅವನಿಗೆ ಗೊತ್ತಿತ್ತು. ಎರಡನೆಯದನ್ನು ಇಟ್ಟವರು ಯಾರೆಂದೂ ಅವನಿಗೊಂದು ಅನುಮಾನವಿತ್ತು. ಎಂಥ ಬೀಗವನ್ನೂ ಒಂದು ತಂತಿ ತೂರಿಸಿ ತೆರೆಯಬಲ್ಲವನಿಗೆ ಯಾವ ಬಾಗಿಲ ಮೇಲೆ ತಾನೆ ನಂಬಿಕೆ ಉಳಿದೀತು? ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಬಾಗಿಲು, ಆ ಬಾಗಿಲಿಗೆ ಒಂದೇ ಬೀಗದ ಕೈ. ಅದು ಅವನ ಸೊಂಟದ ಗೊಂಚಲಿನಲ್ಲಿರುತ್ತಿತ್ತು. ಹೆಂಡತಿ ಪೇಟೆಯಿಂದ ಬರುವಷ್ಟರಲ್ಲಿ ಅವನು ಕೆಲಸಕ್ಕೆ ಹೊರಟಿದ್ದರೆ, ಅವಳು ಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮದುವೆಯ ಹೊಸತರಲ್ಲಿ ಒಮ್ಮೆ ತನಗೂ ಒಂದು ಕೀ ಕೇಳಿದ್ದಳು.

"ಇನ್ನೊಂದು ಕೀ ಮಾಡಿದ್ರೆ ಬೀಗ ಹಾಕಿ ಏನು ಬಂತು?" ಅಂದಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ತಂಗಿಯ ಮನೆಯಿಂದ ಅವಳು ನಾಯಿಮರಿ ತಂದಾಗ ಅವನು ಮೊದಲು ಗೊಣಗಿದ. ಆಮೇಲೆ, ಬೀಗಕ್ಕೆ ಬಾಯಿಲ್ಲ, ಇದಕ್ಕಾದರೂ ಇದೆ ಎಂದು ಒಪ್ಪಿದ. ಒಪ್ಪಿದ್ದೇ ತಡ, ಮರಿಯನ್ನೂ ಬೀಗದಂತೆಯೇ ಕಾಯತೊಡಗಿದ. ಯಾರೂ ಮುಟ್ಟುವಂತಿಲ್ಲ, ಊಟ ಅವನೇ ಹಾಕಬೇಕು. ಹೆಸರನ್ನೂ ಇಡಲಿಲ್ಲ.

"ಹೆಸರು ಗೊತ್ತಾದ್ರೆ ಕಳ್ಳನೂ ಕರೀತಾನೆ" ಎಂದ.

ಹಾಗಾಗಿ ಮರಿಯನ್ನು ಯಾರೂ ಕರೆಯಲಿಲ್ಲ. ಅವನು ತಟ್ಟೆ ಇಡಲು ಬಗ್ಗಿದಾಗ ಗೊಂಚಲು ಝಣ್ ಎನ್ನುತ್ತಿತ್ತು, ಮರಿ ಓಡಿ ಬರುತ್ತಿತ್ತು. ಯಾರಿಗೂ ಹೇಳದಿದ್ದರೂ, ಅದು ಕಾಲಿಗೆ ಮೂತಿ ಒರೆಸಿದರೆ ಅವನಿಗೆ ಇಡೀ ದಿನ ಸಂತೋಷವಾಗಿರುತ್ತಿತ್ತು.

ಕಂಡವರಿಗೆಲ್ಲ ಹಲ್ಲು ತೋರಿಸುವುದನ್ನು ಮರಿ ಬೇಗ ಕಲಿತುಕೊಂಡಿತು. ಒಂದು ದಿನ ಕೊರಿಯರ್‌ನವನ ಪ್ಯಾಂಟು ಹರಿಯಿತು. ಚುಚ್ಚುಮದ್ದಿಗೆ ಕರೆದೊಯ್ದಾಗ ಪಶುವೈದ್ಯೆ ಮುಖಕ್ಕೆ ಹೊಡೆದಂತೆ ಹೇಳಿದಳು.

"ಇದಕ್ಕೆ ಸಿಟ್ಟಲ್ಲ, ಹೆದರಿಕೆ. ನಾಲ್ಕು ಜನರ ಜೊತೆ ಬಿಡಿ. ಹೆದರಿದ ನಾಯಿನೇ ಕಚ್ಚೋದು."

ಹೆಂಡತಿ ದಾರಿಯಲ್ಲೇ ತೀರ್ಮಾನ ಹೇಳಿದಳು. "ಇನ್ನೊಂದು ಸಲ ಯಾರಿಗಾದ್ರೂ ಬಾಯಿ ಹಾಕಿದ್ರೆ ವಾಪಸ್ ತಂಗಿ ಮನೆಗೆ. ನಿಮ್ಮ ಅನುಮಾನಕ್ಕೆ ನಾನೊಬ್ಬಳು ಸಾಕು, ಅದು ಬೇಡ."

ಅವನು ಮರಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಆದರೂ ಜನರ ಜೊತೆ ಬಿಡುವುದೆಂದರೆ ಹೇಗೆ? ಇಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಊರಿಗೆಲ್ಲ ಗುರ್ ಎನ್ನುವ ಮರಿ ಎದುರಿನ ಟೈಲರ್ ಅಕ್ಕ ತನ್ನ ಅಂಗಡಿಗೆ ಬಂದಾಗ ಮಾತ್ರ ಬಾಲ ಆಡಿಸುತ್ತಿತ್ತು. ಅವನ ಪಿತ್ತ ನೆತ್ತಿಗೇರಿತು. ಮರಿಯ ಬಾಯಿ ಮೂಸಿ ನೋಡಿದ, ಬಿಸ್ಕತ್ತಿನ ವಾಸನೆ ಇರಲಿಲ್ಲ. ಕಿವಿಯ ಹಿಂದೆ ಒಂದು ಕೆಂಪು ದಾರ ಸಿಕ್ಕಿತು. ಸಾಕಲ್ಲ, ಇನ್ನೇನು ಬೇಕು! ಗಾಳಿಗೆ ಹಾರಿ ಬಂದಿರಬಹುದೆಂದು ಬೇರೆಯವರು ಅಂದುಕೊಂಡಾರು. ಅವನು ಆ ದಾರವನ್ನು ಕಾಗದದಲ್ಲಿ ಸುತ್ತಿ ಗಲ್ಲಾದಲ್ಲಿಟ್ಟ.

ಮರುದಿನ ಹೆಂಡತಿ ಪೇಟೆಗೆ ಹೋದ ಮೇಲೆ ಅವನು ಬಾಗಿಲು ಹಾಕಿ, ಮರಿಯನ್ನು ಮೆಟ್ಟಿಲ ಬಳಿ ಕಟ್ಟಿ, ಬೀದಿಗೆಲ್ಲ ಕೇಳುವಂತೆ "ಕೆಲಸಕ್ಕೆ ಹೊರಟೆ" ಎಂದು ಹೇಳಿ ಹೊರಟ. ಮೂಲೆಯ ಔಷಧಿ ಅಂಗಡಿಯ ಕಂಬದ ಹಿಂದೆ ಅವಿತು ನಿಂತ. ಸದ್ದಾಗದಂತೆ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

ಟೈಲರ್ ಅಕ್ಕ ಊಟ ಮುಗಿಸಿ ಬಂದಳು. ಮರಿ ಗುರ್ ಎಂದಿತು. ಅವಳು ಅದರತ್ತ ತಿರುಗಿಯೂ ನೋಡದೆ ಪರ್ಸಿನಿಂದ ಅಂಗಡಿಯ ಬೀಗದ ಕೈಗಳನ್ನು ತೆಗೆದಳು. ಝಣ್. ಮರಿ ಚಂಗನೆ ಎದ್ದು ಬಾಲ ಆಡಿಸಿತು. ಆದರೆ ನೋಡಿದ್ದು ಅವಳನ್ನಲ್ಲ; ಅವನು ಹೋದ ದಾರಿಯನ್ನು. ಯಾರೂ ಬರಲಿಲ್ಲ. ಮರಿ ಮತ್ತೆ ಮುದುರಿ ಕೂತಿತು.

ಕಂಬದ ಹಿಂದೆ ಅವನು ಮುಷ್ಟಿಯಲ್ಲಿದ್ದ ಗೊಂಚಲನ್ನು ನೋಡಿದ. ಹೆಸರಿಲ್ಲದ ಮರಿಗೆ ಆ ಸದ್ದೇ ಹೆಸರು, ಒಡೆಯನದೂ, ತನ್ನದೂ.

ಅಷ್ಟರಲ್ಲಿ ಹೆಂಡತಿ ಪೇಟೆಯಿಂದ ಬಂದಳು. ಹಾಕಿದ ಬಾಗಿಲು ನೋಡಿ, ಚೀಲ ಮಡಿಲಲ್ಲಿಟ್ಟುಕೊಂಡು ಮರಿಯ ಪಕ್ಕ ಕೂತಳು. ಯಾರೋ ಸ್ಕೂಟರ್ ನಿಲ್ಲಿಸಿ ಕೀ ತೆಗೆದರು. ಝಣ್. ಮರಿ ತಲೆ ಎತ್ತಿತು. ಜೊತೆಗೇ ಅವಳೂ ತಲೆ ಎತ್ತಿದಳು. ಇಬ್ಬರೂ ಅದೇ ದಾರಿ ನೋಡಿದರು, ಇಬ್ಬರೂ ತಲೆ ಇಳಿಸಿದರು.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಅವನಿಂದ ಆಗಲಿಲ್ಲ.

ಮಾರನೆಯ ದಿನ ಅವನು ಹಾಳು ಬಿದ್ದ ಹಳೆಯ ಬೀಗದ ಕೈಗಳನ್ನು ಜೋಡಿ ಜೋಡಿಯಾಗಿ ತಂತಿಗೆ ಪೋಣಿಸಿದ. ಒಂದನ್ನು ಟೈಲರ್ ಅಕ್ಕನಿಗೆ ಕೊಟ್ಟ, ಒಂದನ್ನು ಕೊರಿಯರ್‌ನವನಿಗೆ.

"ಮೊದಲು ಅಲ್ಲಾಡಿಸಿ, ಆಮೇಲೆ ತಲೆ ಸವರಿ."

"ಅಣ್ಣ, ನೀವು ಕೀ ಕೊಡೋದಾ?" ಎಂದು ಕೊರಿಯರ್‌ನವನು ಪ್ಯಾಂಟು ಹಿಡಿದುಕೊಂಡೇ ಅಲ್ಲಾಡಿಸಿದ. ಮರಿ ಅನುಮಾನದಿಂದಲೇ ಹತ್ತಿರ ಹೋಯಿತು, ಮೂಸಿತು, ಕೊನೆಗೆ ಅವನ ಕೈ ನೆಕ್ಕಿತು. ಒಳಗಿನಿಂದ ನೋಡುತ್ತಿದ್ದ ಹೆಂಡತಿ ತಂಗಿಯ ಮನೆಯ ಮಾತೆತ್ತಲಿಲ್ಲ.

ಅವಳಿಗೂ ಒಂದು ಬೀಗದ ಕೈ ಕೊಟ್ಟ. ಅದು ಆಗತಾನೆ ಕೊರೆದದ್ದು, ಇನ್ನೂ ಬೆಚ್ಚಗಿತ್ತು.

"ಇದು ಯಾವ ಹಾಳು ಬೀಗದ್ದು?" ಎಂದಳು.

"ನಮ್ಮ ಬಾಗಿಲದ್ದು."

ಅವಳು ಅವನ ಮುಖವನ್ನೇ ನೋಡಿದಳು, ನಂಬಲಿಲ್ಲ. ಅವನ ಜೊತೆ ಬಾಳಿದವಳು ಸುಲಭಕ್ಕೆ ನಂಬುವುದುಂಟೆ? ಎದ್ದು ಹೊರಗೆ ಹೋಗಿ, ಅವನನ್ನೂ ಮರಿಯನ್ನೂ ಒಳಗೇ ಬಿಟ್ಟು ಬಾಗಿಲೆಳೆದು, ಹೊರಗಿನಿಂದ ಬೀಗ ಹಾಕಿದಳು. ಆಮೇಲೆ ತೂತಿನಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಮರಿ ಬಾಲ ಆಡಿಸುತ್ತ ಬಾಗಿಲಿಗೆ ಓಡಿತು. ಅದರ ಹಿಂದೆಯೇ ಅವನೂ ಹೋಗಿ, ಅವಳು ತೆರೆಯಲೆಂದು ಕಾಯುತ್ತ ನಿಂತ.