ಡಾರ್ಕಸ್ ಅಮ್ಮನ ಸೌಟು

ಚಾರ್ಲ್‌ಸ್ಟನ್ ಊರಿನಲ್ಲಿ ಪ್ರವಾಸಿಗಳ ಗಾಡಿ ಹೊಡೆಯುವವನಿಗೆ ತನ್ನ ದಾರಿ ತಾನು ಆರಿಸಿಕೊಳ್ಳುವ ಹಕ್ಕಿಲ್ಲ. ಹೇಸರಗತ್ತೆ ಹೂಡಿ, ಜನರನ್ನು ಕೂರಿಸಿಕೊಂಡು, ಮಾರ್ಕೆಟ್ಟಿನ ಹತ್ತಿರದ ಕಟ್ಟೆಯ ಮುಂದೆ ನಿಲ್ಲಬೇಕು. ಅಲ್ಲಿ ಕೂತ ಗುಮಾಸ್ತೆ ಬಣ್ಣದ ಚೆಂಡುಗಳ ಯಂತ್ರ ತಿರುಗಿಸುತ್ತಾಳೆ. ಯಾವ ಬಣ್ಣ ಬಿತ್ತೋ ಆ ಕಡೆಯ ಬೀದಿಗಳಿಗೆ ಹೋಗಬೇಕು; ಎಲ್ಲ ಗಾಡಿಗಳೂ ಒಂದೇ ಕಡೆ ನುಗ್ಗದಿರಲಿ ಎಂದು ಈ ಏರ್ಪಾಡು. ಅಮೋಸ್ ವಿಗ್‌ಫಾಲ್ ಮೂವತ್ತೊಂದು ವರ್ಷ ಚೆಂಡು ಹೇಳಿದ ಕಡೆ ಹೋದವನು. “ನಾನೂ ಹೇಸರಗತ್ತೇನೇ. ಇವನ ಲಗಾಮು ಕಾಣುತ್ತೆ, ನಂದು ಕಾಣಲ್ಲ ಅಷ್ಟೆ” ಎಂದು ಡೀಕನ್ ಎಂಬ ತನ್ನ ಪ್ರಾಣಿಯ ಬೆನ್ನು ತಟ್ಟಿ ಜನರನ್ನು ನಗಿಸುತ್ತಿದ್ದ. ನಗಿಸುವುದರಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ, ಅವನ ಕೇಡಿಗೆ ಕಾರಣವಾದದ್ದೂ ಅದೇ.

ಅವನ ಅಕ್ಕ ಈವ್‌ಲೀನಾ ಆ ಕಟ್ಟೆಯಿಂದ ಕೂಗಳತೆಯಲ್ಲಿ ಕೂತು ಹುಲ್ಲಿನ ಬುಟ್ಟಿ ಹೆಣೆದು ಮಾರುತ್ತಿದ್ದಳು. ಅವಳ ಉಪಕರಣವೆಂದರೆ ಒಂದು ಚಮಚದ ಹಿಡಿ, ಬಾಯಿ ಮುರಿದು ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದು. ಹುಲ್ಲಿನ ಸುತ್ತಿಗೆ ಅದನ್ನು ಚುಚ್ಚಿ, ಆದ ತೂತಿನಲ್ಲಿ ತಾಳೆಗರಿಯ ಸೀಳು ತೂರಿಸಿ ಬಿಗಿಯುತ್ತಿದ್ದಳು. ತಮ್ಮನ ಗಾಡಿ ಹಾದುಹೋಗುವಾಗ ಆ ಹಿಡಿಯನ್ನೇ ಎತ್ತಿ ಆಡಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಗಾಡಿ ಹತ್ತಿದವಳಲ್ಲ.

ಆ ವಸಂತದಲ್ಲಿ ವೈದ್ಯರು ಅವಳ ಹೃದಯ ಸವೆದುಹೋಗಿದೆ, ಇನ್ನು ಕೆಲವೇ ವಾರ ಎಂದರು. ಮದುವೆಯಾಗದ ಅಕ್ಕ, ಹೆಂಡತಿ ಸತ್ತ ತಮ್ಮ, ಇಬ್ಬರೂ ಒಂದೇ ಮನೆಯಲ್ಲಿದ್ದವರು. ಬೆಂಡೆಕಾಯಿ ಸಾರಿನ ಮುಂದೆ ಕೂತಿದ್ದಾಗ ಈವ್‌ಲೀನಾ ಕೇಳಿಯೇಬಿಟ್ಟಳು.

“ಕೂಟರ್, ನನ್ನನ್ನ ಒಂದ್ಸಲ ಟ್ರ್ಯಾಡ್ ಬೀದಿಗೆ ಕರ್ಕೊಂಡು ಹೋಗೋ. ಅಮ್ಮನ ಅಡುಗೆಮನೆ ನೋಡ್ಬೇಕು.”

ಕೂಟರ್ ಎಂದರೆ ಅವರ ಮಾತಿನಲ್ಲಿ ಆಮೆ. ತಡವಾಗಿ ನಡೆಯಲು ಕಲಿತ ಅಮೋಸನಿಗೆ ತಾಯಿ ಇಟ್ಟ ಮನೆ ಹೆಸರು.

“ಕಾರು ತೆಗೀತೀನಿ, ನಡಿ ಅಕ್ಕ, ಈಗ್ಲೇ ಹೋಗ್ಬರೋಣ.”

“ಕಾರಲ್ಲಿ ಕಳ್ರ ಥರ ಇಣುಕಿ ಬರೋಕಾ? ಆ ಬೀದಿಯಿಂದ ನಮ್ಮನ್ನ ಕಾಲ್ನಡಿಗೇಲಿ ಕಳಿಸಿದ್ರು. ಹಾಸಿಗೆ ನನ್ನ ತಲೆ ಮೇಲೆ, ನಿನ್ನ ಕೈ ನನ್ನ ಕೈಲಿ. ನಾನು ವಾಪಸ್ ಹೋದ್ರೆ ನಿನ್ನ ಗಾಡೀಲಿ, ಎತ್ತರಕ್ಕೆ ಕೂತು, ಚರ್ಚಿನ ಟೋಪಿ ಹಾಕ್ಕೊಂಡು ಹೋಗ್ತೀನಿ. ನೋಡ್ಲಿ ಎಲ್ರೂ.”

“ಚೆಂಡು ಬೀಳ್ಬೇಕಲ್ಲ, ಅಕ್ಕ.”

“ಬೀಳೋ ತನಕ ದಿನಾ ಬರ್ತೀನಿ.”

ಅವರ ತಾಯಿ ಡಾರ್ಕಸ್ ಟ್ರ್ಯಾಡ್ ಬೀದಿಯ ಲ್ಯಾಂಬರ್ಟ್ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ದೊಡ್ಡ ಮನೆಯ ಹಿಂದೆ ಇಟ್ಟಿಗೆಯ ಅಡುಗೆಮನೆ, ಅದರ ಮೇಲೆ ಒಂದು ಕೋಣೆ; ತಾಯಿ ಮಕ್ಕಳು ಅಲ್ಲೇ ಇದ್ದರು. ಆ ಮನೆಯ ಮದುವೆಯೂಟದ ದಿನ ಡಾರ್ಕಸ್ ಒಲೆಯ ಮುಂದೆ ಕುಸಿದು ಸತ್ತಳು. ಅವಳು ಬೇಯಿಸಿಟ್ಟದ್ದನ್ನು ಅತಿಥಿಗಳು ಉಂಡರು. ಅಮೋಸನಿಗೆ ಆಗ ಒಂಬತ್ತು, ಈವ್‌ಲೀನಾಳಿಗೆ ಹದಿಮೂರು. ಮೂರು ವಾರದಲ್ಲಿ ಬೇರೆ ಅಡುಗೆಯವಳು ಬಂದಳು, ಇವರು ಹೊರಗಾದರು.

ಹಿಂದೆ ಗುಲಾಮರಾಗಿ ಈ ಕರಾವಳಿಗೆ ಬಂದ ಕಪ್ಪು ಜನರ ವಂಶದವರು ಇವರು; ಈ ಜನರಲ್ಲಿ ಸತ್ತವರು ಕೊನೆಯದಾಗಿ ಕೈಯಲ್ಲಿ ಹಿಡಿದ ವಸ್ತುವನ್ನು ಮುರಿದು ಗೋರಿಯ ಮೇಲೆ ಇಡುತ್ತಾರೆ. ಅದನ್ನು ಹುಡುಕಿಕೊಂಡು ಸತ್ತವರು ಹಿಂತಿರುಗಿ ಬರದಿರಲಿ ಎಂದು. ಗೋರಿಯೂ ನೀರಿನ ಹತ್ತಿರವೇ ಇರಬೇಕು, ಆತ್ಮ ಅದನ್ನು ದಾಟಿ ಆಚೆಯ ಲೋಕಕ್ಕೆ ಹೋಗಲು. ಡಾರ್ಕಸ್ ಕೊನೆಗೆ ಹಿಡಿದಿದ್ದು ಸೌಟು. ಹದಿಮೂರರ ಹುಡುಗಿ ಅದಕ್ಕೆ ಕಲ್ಲಿನಿಂದ ಜಜ್ಜಿ ತೂತು ಮಾಡಿ, ಊರಾಚೆಯ ದ್ವೀಪದಲ್ಲಿದ್ದ ತಮ್ಮವರ ಚರ್ಚಿನ ಹಿಂದೆ, ಹಿನ್ನೀರಿನ ದಂಡೆಯ ಗೋರಿಯ ಮೇಲೆ ತಾನೇ ಇಟ್ಟು ಬಂದಿದ್ದಳು. ಆಮೇಲೆ ಅಮ್ಮನ ಮಾತು ಬಂದಾಗಲೆಲ್ಲ ಅವಳು “ದಾಟಿದಳು” ಎನ್ನುತ್ತಿದ್ದಳು. ಸತ್ತಳು ಎಂದವಳೇ ಅಲ್ಲ.

ಅಕ್ಕನಿಗೆ ಗೊತ್ತಿಲ್ಲದ ಒಂದು ವಿಷಯ ಅಮೋಸನ ಹೊಟ್ಟೆಯಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ ಲ್ಯಾಂಬರ್ಟ್ ಮನೆಯ ಮುಂದೆ ಗಾಡಿ ನಿಂತಿದ್ದಾಗ, ಹಳೆಯ ಯುದ್ಧದ ಸೇನಾಪತಿಗಳ ಕತೆ ಕೇಳಿ ಕೇಳಿ ಆಕಳಿಸುತ್ತಿದ್ದ ಪ್ರವಾಸಿಯೊಬ್ಬ “ಇಲ್ಲಿ ದೆವ್ವ ಗಿವ್ವ ಇಲ್ವಾ?” ಎಂದಿದ್ದ. ಇವನ ಬಾಯಿಂದ ಆ ಕ್ಷಣಕ್ಕೆ ಕತೆಯೊಂದು ಬಂದುಬಿಟ್ಟಿತು: ಮದುವೆಯೂಟದ ದಿನ ಸತ್ತ ಅಡುಗೆಯವಳು, ಕಳೆದ ತನ್ನ ಸೌಟು ಹುಡುಕುತ್ತಾ ಇವತ್ತಿಗೂ ಕಿಟಕಿ ಬಡಿಯುತ್ತಾಳೆ. ಗಾಡಿಗೆ ಗಾಡಿಯೇ ಮೈ ಜುಮ್ಮೆಂದು ಕಿರುಚಿ ನಕ್ಕಿತು. ಮಾರನೆಯ ಸಲವೂ ಹೇಳಿದ, ಅದರ ಮಾರನೆಯ ಸಲವೂ. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೆಸರು ಹೇಳದಿದ್ದರೆ ಪಾಪವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮನುಷ್ಯ ತನಗೆ ಹೇಳಿಕೊಳ್ಳುವ ಸುಳ್ಳಿಗೆ ಸಾಕ್ಷಿ ಬೇಕಿಲ್ಲವಲ್ಲ.

ಮೊದಲ ದಿನ ಹಸಿರು ಚೆಂಡು ಬಿತ್ತು. ಎರಡನೆಯ ದಿನ ಹಳದಿ. ಈವ್‌ಲೀನಾ ನೇರಳೆ ಟೋಪಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತು, ಬೇಡದ ಬೀದಿಗಳನ್ನೆಲ್ಲ ನೋಡಿ, ಸುಸ್ತಾಗಿ ಮನೆಗೆ ಬರುತ್ತಿದ್ದಳು. ಮೂರನೆಯ ದಿನವೂ ಹಸಿರು. ಟ್ರ್ಯಾಡ್ ಬೀದಿಗೆ ಬೇಕಾದದ್ದು ಕೆಂಪು.

“ಅಮೋಸಣ್ಣ, ನಿನ್ನ ಮುಖ ನೋಡಿದ್ರೆ ಚೆಂಡೂ ಹೆದರ್ಕೊಳ್ಳುತ್ತೆ” ಎಂದಳು ಗುಮಾಸ್ತೆ ಲೊರೆಟ್ಟಾ.

ಅವನು ನಗಲಿಲ್ಲ. ಕೆಂಪು ಬೀಳಲಿ ಎಂದು ಅಕ್ಕನಿಗಾಗಿ ಬೇಡುತ್ತಿದ್ದ, ಬೀಳದಿರಲಿ ಎಂದು ತನಗಾಗಿ ಬೇಡುತ್ತಿದ್ದ. ನಾಲ್ಕನೆಯ ದಿನ ಕೆಂಪು ಬಿತ್ತು. ಈವ್‌ಲೀನಾ ಚಪ್ಪಾಳೆ ತಟ್ಟಿದಳು. ಕತೆ ಬಿಟ್ಟುಬಿಡುತ್ತೇನೆ, ಯಾರಿಗೆ ಗೊತ್ತಾಗುತ್ತೆ ಎಂದುಕೊಂಡು ಅಮೋಸ್ ಗಾಡಿ ತಿರುಗಿಸಿದ.

ಲ್ಯಾಂಬರ್ಟ್ ಮನೆಯ ಕಬ್ಬಿಣದ ಗೇಟಿನ ಮುಂದೆ ಡೀಕನ್ ಅಭ್ಯಾಸ ಬಲದಿಂದ ತಾನೇ ನಿಂತ. ಗೇಟಿನ ಸಂದಿಯಲ್ಲಿ ಹಿಂದಿನ ಅಡುಗೆಮನೆ, ಅದರ ಹೊಗೆಗೂಡು ಕಾಣುತ್ತಿತ್ತು. ಈವ್‌ಲೀನಾ ಮುಂದಕ್ಕೆ ಬಾಗಿದಳು. ಅವಳ ತುಟಿ ಅಲುಗುತ್ತಿತ್ತು. ಅಮ್ಮನ ಜೊತೆ ಮಾತಾಡುತ್ತಿದ್ದಳೋ ಏನೋ.

ಆಗ ಮುಂದಿನ ಸಾಲಿನಲ್ಲಿ ಕೂತ ಓಹೈಯೊದ ಹೆಂಗಸು ಎದ್ದು ನಿಂತಳು. “ಸೌಟಿನ ದೆವ್ವದ ಮನೆ ಇದೇ ಅಲ್ವಾ? ಹೋಟೆಲ್‌ನಲ್ಲಿ ಹೇಳಿದ್ರು. ಹೇಳಿ ಹೇಳಿ!”

“ಅದು ಹಳೇದಾಯ್ತಮ್ಮ. ಬೇರೆ ಹೇಳ್ತೀನಿ.”

“ಅಯ್ಯೋ, ಅದನ್ನ ಕೇಳೋಕೇ ಈ ಗಾಡಿ ಹತ್ತಿದ್ದು!”

ಉಳಿದವರೂ ದನಿಗೂಡಿಸಿದರು. ಅಮೋಸ್ ಹಿಂತಿರುಗಿ ನೋಡಿದ. ಅಕ್ಕನ ಕಣ್ಣು ಹೊಗೆಗೂಡಿನ ಮೇಲಿತ್ತು, ಇತ್ತಕಡೆ ಗಮನವೇ ಇದ್ದಂತಿರಲಿಲ್ಲ. ಎರಡು ಮಾತಿನಲ್ಲಿ ಮುಗಿಸಿಬಿಡೋಣ ಎಂದು ಶುರು ಮಾಡಿದ. ಆದರೆ ಇಪ್ಪತ್ತು ವರ್ಷ ಒಂದೇ ಗಾಣ ಸುತ್ತಿದ ನಾಲಿಗೆ ಎಲ್ಲಿ ನಿಲ್ಲುತ್ತದೆ? ದನಿ ತಾನಾಗಿ ತಗ್ಗಿತು, ಕಣ್ಣು ತಾನಾಗಿ ಅರಳಿತು, ಕೊನೆಗೆ ಕೈ ತಾನಾಗಿ ಚಾಟಿಯ ಹಿಡಿಯಿಂದ ಹಲಗೆಯನ್ನು ಟಕ್ ಟಕ್ ಟಕ್ ಎಂದು ಬಡಿಯಿತು. ಗಾಡಿ ಕಿರುಚಿತು, ನಕ್ಕಿತು. ಓಹೈಯೊದ ಹೆಂಗಸು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಹಿಂದಿನ ಬೆಂಚಿನಲ್ಲಿ ಈವ್‌ಲೀನಾ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮನೆ ಸೇರಿದಾಗ ಅವಳು ಮೆಟ್ಟಿಲ ಮೇಲೆ ಕೂತು ಉಸಿರು ತಂದುಕೊಂಡು ಹೇಳಿದಳು.

“ನಮ್ಮಮ್ಮನ್ನ ಅಂತರಪಿಶಾಚಿ ಮಾಡ್ಬಿಟ್ಯಲ್ಲೋ.”

“ಹೆಸರು ಹೇಳಿಲ್ಲ ಅಕ್ಕ. ಒಂದು ದಿನಾನೂ ಹೇಳಿಲ್ಲ.”

“ಸೌಟು ಹೇಳ್ದೆ. ಅವಳ ಗುರ್ತಿಗೆ ಅಷ್ಟು ಸಾಲ್ದಾ? ಕಳೆದುಹೋದ ಸೌಟಂತೆ! ನಾನೇ ಜಜ್ಜಿ, ನನ್ನ ಕೈಯಾರೆ ಇಟ್ಟಿದ್ದೆ ಕಣೋ. ಆ ಅಡುಗೆಮನೆ ಕಡೆ ಅವಳು ತಿರುಗಿ ನೋಡ್ಬಾರ್ದು ಅಂತ ಇಟ್ಟಿದ್ದೆ.”

“ಅಡುಗೆಯವಳು ಸತ್ತಳು ಅಂದ್ರೆ ಆಕಳಿಸ್ತಾರೆ, ಅಕ್ಕ. ದೆವ್ವ ಆದ್ಳು ಅಂದ್ರೆ ಕಿವಿ ಕೊಡ್ತಾರೆ. ಆ ಬೀದೀಲಿ ಅವಳ ವಿಷ್ಯ ಎತ್ತೋಕೆ ನಂಗೆ ಬೇರೆ ದಾರಿ ಕಾಣ್ಲಿಲ್ಲ.”

ಆ ಮಾತು ಸುಳ್ಳಾಗಿರಲಿಲ್ಲ, ಪೂರಾ ನಿಜವೂ ಆಗಿರಲಿಲ್ಲ. ಈವ್‌ಲೀನಾಳಿಗೆ ಎರಡೂ ಅರ್ಥವಾಯಿತು.

“ಇಪ್ಪತ್ತು ವರ್ಷ ಕರ್ದಿದೀಯ. ಮಗ ಕರೆದ್ರೆ ಯಾವ ತಾಯಿ ಬರಲ್ಲ ಹೇಳು? ದಾಟಿದ್ದವಳು ವಾಪಸ್ ಬಂದಿದ್ರೆ? ಆ ಗೇಟಿನ ಹತ್ರ ಯಾರೂ ಸಿಗದೆ, ನಮ್ಮನ್ನ ಹುಡುಕ್ಕೊಂಡು ಇಲ್ಲೀ ತನಕ ಬಂದಿದ್ರೆ?” ಅವಳು ತಮ್ಮ ಮನೆಯ ಬಾಗಿಲು ನೋಡಿದಳು. “ಇದನ್ನ ನೋಡಿ ತಿರುಗಿ ಹೋಗಿರ್ತಾಳೆ.”

ಬಾಗಿಲಿಗೆ ನೀಲಿ ಬಣ್ಣವಿತ್ತು. ಅಲ್ಲಿನವರೆಲ್ಲ ಬಾಗಿಲಿಗೋ ಜಗಲಿಯ ಮಾಡಿಗೋ ಆ ಬಣ್ಣ ಬಳಿಯುತ್ತಾರೆ. ನೆಲೆಯಿಲ್ಲದ ಆತ್ಮಕ್ಕೆ ಅದು ನೀರಿನಂತೆ ಕಾಣುತ್ತದೆ, ದಾಟಿ ಒಳಗೆ ಬರಲಾಗುವುದಿಲ್ಲ. ಪ್ರತಿ ವರ್ಷ ಈಸ್ಟರಿಗೆ ಮುಂಚೆ ಆ ಬಣ್ಣ ಬಳಿಯುತ್ತಿದ್ದವಳು ಈವ್‌ಲೀನಾಳೇ.

ಮಾರನೆಯ ದಿನ ಅಮೋಸ್ ಕೆಲಸದಿಂದ ಬಂದಾಗ ಅವಳು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಬುಟ್ಟಿ ಹೆಣೆಯುವ ಚಮಚದ ಹಿಡಿಯಿಂದ ಬಣ್ಣ ಕೆರೆಯುತ್ತಿದ್ದಳು. ಮಡಿಲ ತುಂಬ ನೀಲಿ ಚಕ್ಕೆ. ನಾನು ಕೆರೆಯುತ್ತೇನೆ ಕೊಡು ಎಂದರೆ ಕೊಡಲಿಲ್ಲ. ನಾಲ್ಕು ದಿನ ಕೆರೆದಳು, ಕೂತಲ್ಲಿಂದ ಕೈ ಎಟಕುವಷ್ಟು. ಐದನೆಯ ದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಸತ್ತಿದ್ದಳು. ತಮ್ಮನನ್ನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅಮೋಸ್ ಆ ಹಿಡಿಯನ್ನು ಎರಡಾಗಿ ಮುರಿದು, ತುದಿಯ ನೀಲಿ ಒರೆಸದೆ, ತಾಯಿಯ ಪಕ್ಕದ ಹೊಸ ಗೋರಿಯ ಮೇಲೆ ಇಟ್ಟ. ತಾಯಿಯ ಸೌಟು ಅಲ್ಲೇ ಇತ್ತು, ತುಕ್ಕು ಹಿಡಿದು, ಅರ್ಧ ಮಣ್ಣಲ್ಲಿ ಹೂತು.

ಮತ್ತೆ ಕೆಲಸಕ್ಕೆ ಹೋದ. ಅವನಿಗೆ ಈಗ ಬೇಕಾದದ್ದು ಒಂದೇ, ಆ ಗೇಟಿನ ಮುಂದೆ ನಿಂತು ನಿಜ ಹೇಳಿ, ಕತೆಯನ್ನು ವಾಪಸ್ ತೆಗೆದುಕೊಳ್ಳುವುದು. ದಿನವೂ ಕಟ್ಟೆಯ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದ. ಹಳದಿ, ಹಸಿರು, ಹಸಿರು. ಲೊರೆಟ್ಟಾ ತಮಾಷೆ ಮಾಡುವುದನ್ನು ಬಿಟ್ಟಿದ್ದಳು. ಮೂರನೆಯ ವಾರ ಕೆಂಪು ಬಿತ್ತು.

ಲ್ಯಾಂಬರ್ಟ್ ಮನೆಯ ಮುಂದೆ ಆಗಲೇ ಇನ್ನೊಬ್ಬರ ಗಾಡಿ ನಿಂತಿತ್ತು. ಅದನ್ನು ಹೊಡೆಯುತ್ತಿದ್ದವಳು ಹೋದ ವರ್ಷ ಕೆಲಸಕ್ಕೆ ಸೇರಿದ ಎಳೆಯ ಹುಡುಗಿ. ಅಡುಗೆಯವಳು ಕುಸಿದಳು, ಸೌಟು ಕಳೆಯಿತು, ಎಲ್ಲವೂ ಅಮೋಸನದೇ ಮಾತು, ಅವನದೇ ತಗ್ಗುದನಿ. ಕೊನೆಗೆ ಅವಳು ಸೀಟಿನ ಕೆಳಗಿಂದ ನಿಜವಾದ ತಗಡಿನ ಸೌಟೊಂದನ್ನು ತೆಗೆದು ಚಕ್ರಕ್ಕೆ ಬಡಿದಳು. ಟಕ್ ಟಕ್ ಟಕ್. ಆ ಗಾಡಿ ಕಿರುಚಿ ನಕ್ಕಿತು, ಇವನ ಗಾಡಿಯವರೂ ನಕ್ಕರು.

“ಅಮೋಸ್ ಅಂಕಲ್!” ಹುಡುಗಿ ಸೌಟು ಬೀಸಿದಳು. “ನಿಮ್ಮಿಂದ್ಲೇ ಕಲ್ತಿದ್ದು. ನಿಮ್ಮಷ್ಟು ಚೆನ್ನಾಗಿ ಬರಲ್ಲ ಬಿಡಿ. ಈಗ ನಾವೆಲ್ಲ ಇದನ್ನೇ ಹೇಳ್ತೀವಿ!”

ಅವಳಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗುರುವಿಗೆ ಗೌರವ ಕೊಟ್ಟೆನೆಂದೇ ತಿಳಿದಿದ್ದಳು.

ಅಮೋಸ್ ತನ್ನ ಜನರ ಕಡೆ ತಿರುಗಿದ. “ಅದು ಸುಳ್ಳು. ಅವಳ ಹೆಸರು ಡಾರ್ಕಸ್ ವಿಗ್‌ಫಾಲ್. ನನ್ನ ತಾಯಿ. ಅವಳ ಸೌಟು ಕಳೆದಿಲ್ಲ, ನನ್ನಕ್ಕ ಅವಳ ಗೋರಿ ಮೇಲೆ ಇಟ್ಟಿದ್ಲು. ಅವಳು ಇಲ್ಲಿಲ್ಲ. ದಾಟಿದಳು.”

ಗಾಡಿಯಲ್ಲಿದ್ದ ಒಬ್ಬ ಕೇಳಿದ, “ಹಂಗಾದ್ರೆ ದೆವ್ವ ಇಲ್ವಾ?”

“ಇಲ್ಲ.”

“ಓ” ಎಂದ ಅವನು, ಮುಂದೆ ಹೋಗುತ್ತಿದ್ದ ಗಾಡಿಯನ್ನು ನೋಡುತ್ತಾ.

ಸಂಜೆ ಅಮೋಸ್ ಮನೆಗೆ ಬಂದು, ಅಕ್ಕನ ಕುರ್ಚಿ ಎಳೆದುಕೊಂಡು, ಅದರ ಮೇಲೆ ಹತ್ತಿ ನಿಂತ. ಬಾಗಿಲ ಮೇಲ್ಭಾಗದಲ್ಲಿ ಅವಳ ಕೈಗೆ ಎಟಕದ ಎರಡು ಗೇಣು ನೀಲಿ ಉಳಿದಿತ್ತು. ಮನೆಯ ಬೀಗದ ಕೈಯಿಂದ ಕೆರೆದ, ಉಗುರಿನಿಂದ ಕೆರೆದ. ಚಕ್ಕೆಗಳು ಕಣ್ಣಿಗೆ ಬಿದ್ದವು. ಮರ ಪೂರಾ ಬರಿದಾದ ಮೇಲೆ ಇಳಿದು ಬಾಗಿಲನ್ನು ಅಗಲವಾಗಿ ತೆರೆದು, ಬೀದಿಯ ಕಡೆ ಮುಖ ಮಾಡಿ ನಿಂತ.

“ಅಮ್ಮಾ, ಆ ಗಾಡಿಯವರು ಎಷ್ಟು ಕರೆದ್ರೂ ಆ ಗೇಟಿನ ಹತ್ರ ಹೋಗ್ಬೇಡ” ಎಂದ. “ಸೌಟು ನಿನ್ನ ಹತ್ರಾನೇ ಇದೆ.”