ದೀಪ ಹಚ್ಚಿದ ಮೇಲಿನ ಕಸ

ಬಚ್ಚಲು ತೊಳೆಯುವ ಆ್ಯಸಿಡ್ಡಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಭುಜಗಳು ತಾವಾಗಿ ಕಿವಿಯ ಕಡೆಗೆ ಏರುತ್ತವೆ. ನವಿ ಮುಂಬಯಿಯ ಈ ಮನೆಗೆ ನಾನು ಅದನ್ನು ತರುವುದೇ ಇಲ್ಲ. ಆದರೆ ಮೊನ್ನೆ ಪಕ್ಕದವರು ಫ್ಲ್ಯಾಟು ಮಾರಲೆಂದು ಮೂಲೆ ಮೂಲೆ ಉಜ್ಜಿಸುತ್ತಿದ್ದಾಗ ಬಾಗಿಲ ಸಂದಿಯಿಂದ ಆ ವಾಸನೆ ಒಳಗೆ ನುಗ್ಗಿತು. ದೇವರಿಗೆ ಹೂ ಏರಿಸುತ್ತಿದ್ದವಳು ಹಾಗೆಯೇ ಕೂತುಬಿಟ್ಟೆ. ಮರುಗಳಿಗೆಯಲ್ಲಿ ನನಗೆ ಹನ್ನೊಂದು ವರ್ಷ. ಡೊಂಬಿವಲಿಯಲ್ಲಿ, ಎರಡನೇ ಮಾಳಿಗೆಯ ಒಂದು ಕೋಣೆ ಮತ್ತು ಅಡುಗೆಮನೆಯ ನಮ್ಮ ಮನೆಯಲ್ಲಿ, ಸವೆದ ಹಲ್ಲುಜ್ಜುವ ಬ್ರಶ್ಶು ಹಿಡಿದು ಟೈಲ್ಸಿನ ಸಂದಿ ತಿಕ್ಕುತ್ತಿದ್ದೆ.

ಆ ಮನೆ ಅಮ್ಮನ ಹೆಸರಿನಲ್ಲಿತ್ತು. ಉಡುಪಿಯ ಅಜ್ಜ ಕಣ್ಣು ಮುಚ್ಚುವ ಮೊದಲು ಮಗಳಿಗೆ ಮಾಡಿಕೊಟ್ಟದ್ದು. ದೇವರು ನಮಗಾಗಿ ಮೊದಲೇ ತೆಗೆದಿಟ್ಟ ದಾರಿ ಅದು ಎಂದು ಈಗ ಅನಿಸುತ್ತದೆ. ಅಪ್ಪ ಠಾಣೆಯ ವರ್ತಕ ನಗರದ ಒಂದು ಹೋಟೆಲಿನಲ್ಲಿ ಅಡುಗೆಯವನು. ಅವನ ಕೈಯ ಗೋಳಿಬಜೆ ಹೂವಿನಷ್ಟು ಮೆತ್ತಗೆ. ಪೇಪರಿನಲ್ಲಿ ಕಟ್ಟಿ ತಂದದ್ದನ್ನು ಬಿಚ್ಚುವಾಗ ಮನೆಯೆಲ್ಲ ಶುಂಠಿಯ ಘಮ. ಅದೇ ಕೈ ಅಮ್ಮನ ಮೇಲೆ ಬೀಳುತ್ತಿತ್ತು. ಅನ್ನ ಬಿಸಿ ಇಲ್ಲವೆಂದು, ಬಿಸಿ ಹೆಚ್ಚಾಯಿತೆಂದು, ಕೆಲವು ದಿನ ಯಾವುದಕ್ಕೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರಿಗೂ ಇಂಥ ಮನೆ ಇದ್ದಿರಬಹುದು. ಪ್ರೀತಿಸದೆ ಇರಲಾಗದ, ಇದ್ದು ಬದುಕಲೂ ಆಗದ ಮನೆ. ಕೊನೆಗೆ ಒಂದು ದಿನ ಅಮ್ಮ ಊಟ ಬಡಿಸುತ್ತಲೇ ಹೇಳಿದಳು: "ಮನೆ ಮಾರ್ತೇನೆ. ನಾನೂ ಮಗಳೂ ಬೇರೆ ಕಡೆ ಇರ್ತೇವೆ." ಅಪ್ಪ ಅನ್ನ ಕಲಸುತ್ತ ನಕ್ಕ. "ಮಾರು. ಯಾವನು ತಗೊಳ್ತಾನೆ ನಾನೂ ನೋಡ್ತೇನೆ."

ನೋಡಲು ಬರುವವರು ಶಹಾಡಿನ ಗಂಡ ಹೆಂಡತಿ, ಶನಿವಾರ ಸಂಜೆ ಐದಕ್ಕೆ ಎಂದು ದಲಾಲಿ ಹೇಳಿ ಕಳಿಸಿದ. ಅಪ್ಪ ಬರುವುದು ಎಂಟಕ್ಕೆ. ನಡುವಿನ ಮೂರು ಗಂಟೆಗಾಗಿ ನಾವು ಮೂರು ದಿನ ಆ ಮನೆಯನ್ನು ಚಚ್ಚಿದೆವು ಎಂದೇ ಹೇಳಬೇಕು. ಅಮ್ಮ ಬಚ್ಚಲಿನ ನೆಲಕ್ಕೆ ಆ್ಯಸಿಡ್ ಸುರಿದರೆ ಬುಸ್ ಎಂದು ಬಿಳಿ ನೊರೆ ಎದ್ದು ಕಣ್ಣು ಉರಿಯುತ್ತಿತ್ತು. ಬಾಗಿಲ ಹಿಂದಿನ ಗೋಡೆಯಲ್ಲಿ, ಅಪ್ಪ ಎಸೆದ ತಂಬಿಗೆ ಬಡಿದು ಬಿದ್ದಿದ್ದ ಗುಂಡಿಗೆ ನಾನು ಟೂತ್‌ಪೇಸ್ಟ್ ತುಂಬಿ ಬೆರಳಿನಿಂದ ಸವರಿದೆ. ಚೌಕಟ್ಟಿಗೆ ಒಣಗಿ ಅಂಟಿದ್ದ ಕಂದು ಚುಕ್ಕೆಗಳನ್ನು ಅಮ್ಮ ಚಾಕುವಿನಿಂದ ಹೆರೆದಳು. ಅದು ಏನೆಂದು ನಾನು ಕೇಳಲಿಲ್ಲ. ನಾನು ಅಲ್ಲೇ ಇದ್ದೆನಲ್ಲ. ಮೇಲಿನ ಮಾಳಿಗೆಯ ಗಂಗಕ್ಕ, ವಿಜಯಪುರದ ಕಡೆಯವಳು, ಏಣಿ ಕೊಡಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ ತಂಗೀ, ಗೋಡಿ ತೊಗಲ ಸುಲಿಯಾಕತ್ತೀಯಲ್ಲ."

"ಸುಲೀಲಿ ಬಿಡಿ ಗಂಗಕ್ಕ," ಅಮ್ಮ ಕೈ ನಿಲ್ಲಿಸದೆ ಹೇಳಿದಳು. "ಗೋಡೆಗೆ ನೋವಾಗುದಿಲ್ಲ."

ಶನಿವಾರ ಐದು ಹೊಡೆಯಿತು, ಆರು ಹೊಡೆಯಿತು, ಯಾರೂ ಬರಲಿಲ್ಲ. ಏಳರ ಸುಮಾರಿಗೆ ಬರುತ್ತಾರೆಂದು ದಲಾಲಿ ಹೇಳಿ ಕಳಿಸಿದ. ಆರೂವರೆಗೆ ಅಮ್ಮ ಎಂದಿನಂತೆ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದಳು. ಮೊದಲು ಬಂದವನು ಅಪ್ಪ. ಅಂದು ಬೇಗ ಬಂದಿದ್ದ, ಬೇಕೆಂದೇ. ಹೊಳೆಯುವ ನೆಲ, ಕಟ್ಟೆಯ ಮೇಲೆ ಸಾಲಾಗಿ ಬೆಳಗಿಟ್ಟ ಡಬ್ಬಿಗಳು, ಎಲ್ಲವನ್ನೂ ನಿಧಾನವಾಗಿ ನೋಡಿದ. "ಮದುಮಗಳ ಹಾಗೆ ಸಿಂಗಾರ ಮಾಡಿದ್ದೀಯಲ್ಲ," ಎಂದ. ಆಮೇಲೆ ಉಪ್ಪಿನಕಾಯಿ ಭರಣಿಯನ್ನು ಎತ್ತಿ, ಮೂರು ದಿನ ತಿಕ್ಕಿದ ಗೋಡೆಗೆ ಬೀಸಿದ. ಕೆಂಪೆಣ್ಣೆ ಸೂರಿನವರೆಗೆ ಹಾರಿತು. ಅಡ್ಡ ಬಂದ ಅಮ್ಮನ ಜುಟ್ಟು ಹಿಡಿದು, ಎಡಗೈಯನ್ನು ಕಟ್ಟೆಯ ಕಲ್ಲಿಗೆ ಒಂದು ಸಲ ಬಡಿದ, ಎರಡು ಸಲ, ಮೂರನೆಯ ಸಲಕ್ಕೆ ಬಳೆ ಒಂದೂ ಉಳಿದಿರಲಿಲ್ಲ. ನಾನು ಅವನ ಕಾಲಿಗೆ ತೆಕ್ಕೆ ಬಿದ್ದಿದ್ದೆ. ಅವನು ನನ್ನನ್ನು ಒದೆಯಲಿಲ್ಲ, ಬಿಡಿಸಿಕೊಂಡ ಅಷ್ಟೆ. ಅದನ್ನೂ ನಾನು ಉಪಕಾರಗಳ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ. ಮುಖ ತೊಳೆದು, ತಲೆ ಬಾಚಿ, ಬೀಡಾ ಅಂಗಡಿಗೆ ಇಳಿದು ಹೋದ.

ಸದ್ದು ಕೇಳಿ ಓಡಿಬಂದ ಗಂಗಕ್ಕ ಗೋಡೆ ಒರೆಸಿದಳು. ನೆಲದ ಚೂರುಗಳನ್ನು ಅಮ್ಮ ಪೇಪರಿನಿಂದ ಒಂದೆಡೆ ಸೇರಿಸಿದಳು, ಸಿಂಕಿನ ಕೆಳಗೆ ಮೂಲೆಗೆ ದೂಡಿ ಮೇಲೆ ಮೊರ ಕವುಚಿದಳು. "ಅವರು ಬರೂ ಹೊತ್ತಾತು, ಕೊಡ ಇಲ್ಲಿ, ಹೊರಗ ಚೆಲ್ಲಿ ಬರ್ತೀನಿ," ಎಂದಳು ಗಂಗಕ್ಕ.

"ದೀಪ ಹಚ್ಚಿ ಆಯ್ತಲ್ಲ. ಈಗ ಕಸ ಹೊಸಿಲು ದಾಟಿದರೆ ಲಕ್ಷ್ಮಿಯೂ ಒಟ್ಟಿಗೇ ಹೋಗ್ತಾಳೆ."

"ಲಕ್ಷ್ಮಿ ಇಲ್ಲಿ ಇರಾಕ ಅಕಿಗೇನ್ ಹುಚ್ಚ? ಯಾವಾಗೋ ಲೋಕಲ್ ಹಿಡದು ಹೋಗ್ಯಾಳ."

ಅಮ್ಮ ನಕ್ಕಳು. ತುಟಿ ಒಡೆದಿದ್ದರಿಂದ ಅರ್ಧ ನಕ್ಕಳು. ಆದರೆ ಮೊರ ಎತ್ತಲು ಬಿಡಲಿಲ್ಲ. ಬೆಳಗಾದ ಮೇಲೆಯೇ ಕಸ ಹೊರಗೆ. ಅವಳಮ್ಮ ಹಾಗೆ ಕಲಿಸಿದ್ದಳು, ಈಗ ನಾನೂ ಹಾಗೆಯೇ.

ಹತ್ತು ನಿಮಿಷಕ್ಕೆ ಅವರು ಬಂದರು. ಗಂಡ ಹೊರಗಿನ ಕೋಣೆಯಲ್ಲಿ ದಲಾಲಿಯ ಹತ್ತಿರ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಿದ್ದ. ಹೆಂಡತಿ, ಮೂವತ್ತರ ಆಸುಪಾಸಿನ ಮರಾಠಿ ಹೆಂಗಸು, ನೇರ ಅಡುಗೆಮನೆಗೆ ಬಂದಳು. ಸಿಂಕಿನ ಪೈಪು ಸೋರುತ್ತದೆಯೇ ಎಂದು ನೋಡಲು ಬಗ್ಗಿ, ಅಡ್ಡವಿದ್ದ ಮೊರವನ್ನು ಎತ್ತಿದಳು. ಹಸಿರು ಬಳೆಯ ಚೂರು, ಭರಣಿಯ ಒಡಕು, ಮಾವಿನ ಹೋಳು, ಅವುಗಳ ನಡುವೆ ಸುತ್ತಿಕೊಂಡ ಒಂದು ಹಿಡಿ ಕೂದಲು. ಮಾರಾಟ ತಪ್ಪಿತು, ಇನ್ನು ನಾವು ಇಲ್ಲೇ ಎಂದುಕೊಂಡೆ. ಮುತ್ತೈದೆಯ ಬಳೆ ಒಡೆದ ಮನೆಯನ್ನು ಯಾರು ಕೊಳ್ಳುತ್ತಾರೆ?

ಅವಳು ಮೊರವನ್ನು ಮೆಲ್ಲಗೆ ಮೊದಲಿನಂತೆ ಕವುಚಿದಳು. ಸೆರಗಿನಿಂದ ಮುಚ್ಚಿದ್ದ ಅಮ್ಮನ ಎಡಗೈಯ ಕಡೆ ನೋಡಿ, ಮರಾಠಿಯಲ್ಲಿ, ಹೊರಗೆ ಕೇಳದ ಹಾಗೆ ಕೇಳಿದಳು: "ವಹಿನಿ, ನೀವು ಹೋಗುವ ಮನೆಗೆ ಅವರೂ ಬರ್ತಾರಾ?"

"ನಾಹಿ," ಎಂದಳು ಅಮ್ಮ.

"ಅಹೋ," ಅವಳು ಗಂಡನನ್ನು ಕರೆದಳು, "ನಮಗೆ ಇದೇ ಮನೆ ಆಗಲಿ."

"ಬಚ್ಚಲು ನೋಡಲೇ ಇಲ್ಲವಲ್ಲ."

"ನಾನು ನೋಡಿದೆ," ಎಂದಳು. ಅವಳು ನೋಡಿರಲಿಲ್ಲ. ಆ ಸುಳ್ಳು ಹೇಳಿದವಳಿಗೆ ಒಳ್ಳೆಯದಾಗಲಿ ಎಂದು ಎಷ್ಟು ವರ್ಷ ಕೈಮುಗಿದಿದ್ದೇನೋ.

ಈಗ ಆ ಕಟ್ಟಡವೂ ಇಲ್ಲ, ಕೆಡವಿ ಎತ್ತರದ್ದು ಕಟ್ಟಿದ್ದಾರೆ. ಕಲ್ಯಾಣದ ಸಣ್ಣ ಮನೆಯಲ್ಲಿ ಅಮ್ಮ ಒಂಬತ್ತು ವರ್ಷ ನೆಮ್ಮದಿಯಾಗಿ ಬದುಕಿ ಹೋದಳು. ಅವಳಿಗಿಂತ ಮೊದಲೇ, ನಮ್ಮ ವಿಳಾಸ ಸಿಗದೆಯೇ, ಅಪ್ಪ ಹೋಟೆಲಿನ ಕೆಲಸದವರ ಕೋಣೆಯಲ್ಲಿ ತೀರಿಕೊಂಡಿದ್ದ. ನಾನು ಅವನನ್ನು ಕೊನೆಯ ಸಲ ಕಂಡದ್ದು ಮನೆ ಬಿಟ್ಟ ಬೆಳಿಗ್ಗೆ, ಮೆಟ್ಟಿಲ ತಿರುವಿನಲ್ಲಿ. ಕೆಳಗೆ ಟೆಂಪೊ ನಿಂತಿತ್ತು. ಅವನು ಗೋಡೆಗೆ ಒರಗಿದ್ದ, ಕ್ಷೌರ ಮಾಡಿಕೊಂಡಿರಲಿಲ್ಲ. "ಮಗಾ, ಎಲ್ಲಿ ಮನೆ ನೋಡಿದ್ದು? ಕಲ್ಯಾಣದ ಕಡೆಯಾ?" ಎಂದು ಕೇಳಿದ. ಅಮ್ಮ ನನಗೆ ಹೊಸ ವಿಳಾಸವನ್ನು ಶ್ಲೋಕದ ಹಾಗೆ ಬಾಯಿಪಾಠ ಮಾಡಿಸಿದ್ದಳು.

"ಗೊತ್ತಿಲ್ಲ ಅಪ್ಪ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಸುಳ್ಳು ತಿಳಿಯದವನಲ್ಲ. ಕೈ ಎತ್ತಿದ, ನಾನು ಕಣ್ಣು ಮುಚ್ಚಿದೆ. ಕೈ ತಲೆಯ ಮೇಲೆ ಹಗುರವಾಗಿ ಇಳಿಯಿತು. "ಅಮ್ಮನ ಮಾತು ಕೇಳಿಕೊಂಡು ಇರು," ಎಂದ. ಅಷ್ಟರಲ್ಲಿ ಹಮಾಲರು ನಮ್ಮ ಕಬ್ಬಿಣದ ಕಪಾಟು ಇಳಿಸುತ್ತ ಬಂದರು. ಅಪ್ಪ ಪಕ್ಕಕ್ಕೆ ಸರಿದು, ತಿರುವಿನಲ್ಲಿ ಗೋಡೆಗೆ ತಾಗದ ಹಾಗೆ ಅದಕ್ಕೊಂದು ಕೈ ಕೊಟ್ಟ.